ಮೆಲ್ಲಗೆ ನುಡಿಸುವ ನೂರು ಜನ

ಚೆಕ್ ಸಂಗೀತಗಾರ ಡ್ವೋರ್ಜಾಕ್‌ನ 9ನೇ ಸಿಂಫನಿಯಲ್ಲಿ ಸಿಂಬಲ್‌ಗೆ, ಅಂದರೆ ನಮ್ಮ ಬ್ಯಾಂಡ್‌ಸೆಟ್ಟಿನವರು ಬಾರಿಸುವ ಆ ಹಿತ್ತಾಳೆ ತಟ್ಟೆಗೆ, ಇರುವುದು ಒಂದೇ ಒಂದು ಏಟು. ಸಿಂಫನಿ ಅಂದರೆ ಆರ್ಕೆಸ್ಟ್ರಾ ಅನ್ನುವ ದೊಡ್ಡ ವಾದ್ಯವೃಂದಕ್ಕೆ ಹಲವು ಭಾಗಗಳಲ್ಲಿ ಬರೆದ ಪಾಶ್ಚಾತ್ಯ ಶಾಸ್ತ್ರೀಯ ಕೃತಿ. ಇದು ಸುಮಾರು 40 ನಿಮಿಷದ್ದು. ಏಟು ಬರುವುದು ಕೊನೆಯ ಭಾಗದಲ್ಲಿ, ಎಲ್ಲರೂ ಅರ್ಧ ಗಂಟೆ ನುಡಿಸಿ ಬೆವರಿದ ಮೇಲೆ. ಅದೂ ಜೋರಾಗಿ ಅಲ್ಲ. ಸುಮ್ನೆ ಮುಟ್ಟಿದ ಹಾಗೆ. ಗಮನ ಇಟ್ಟು ಕೇಳದಿದ್ದರೆ ಅದು ಬಂದು ಹೋಗಿದ್ದೇ ಗೊತ್ತಾಗುವುದಿಲ್ಲ. ಕೆಲವು ಕಡೆ ಟ್ರಯಾಂಗಲ್ ಅನ್ನುವ ತ್ರಿಕೋನದ ಕಂಬಿ ಬಾರಿಸುವವರೇ ಇದನ್ನೂ ನೋಡಿಕೊಳ್ಳುತ್ತಾರೆ. ಹಾಗಿಲ್ಲದಿದ್ದರೆ ಒಬ್ಬರು ಕೋಟು ಹಾಕಿಕೊಂಡು ಬಂದು, ಕೂತು, ಎದ್ದು, ಒಂದು ಸಲ ಮುಟ್ಟಿಸಿ, ಮತ್ತೆ ಕೂರಬೇಕು. ಸಂಬಳ ಪೂರ್ತಿ ಸಿಗುತ್ತೆ ಅಂದುಕೊಂಡಿದ್ದೇನೆ.

1893ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಈ ಕೃತಿ ಮೊದಲು ನುಡಿದಾಗಿನಿಂದ ಯಾರೂ ಆ ಏಟನ್ನು ದಂಡ ಅಂತ ತೆಗೆದುಹಾಕಿಲ್ಲ, ಹೇಗೂ ಒಬ್ಬರು ಬಂದಿದ್ದಾರಲ್ಲ ಇನ್ನೂ ನಾಲ್ಕು ಏಟು ಹಾಕಿಸೋಣ ಅಂತ ಸೇರಿಸಿಯೂ ಇಲ್ಲ.

ನನಗೆ ಇಷ್ಟ ಆಗುವುದು ಇದು. ಸುಮ್ಮನಿರುವವರನ್ನೂ ಸಂಗೀತದ ಒಳಗೆ ಸೇರಿಸಿಕೊಳ್ಳುವುದು. ಈಗ ಬರುವ ಹಾಡುಗಳನ್ನು ಕೇಳಿದಾಗ ನನಗೆ ಅನ್ನಿಸುವುದೇ ಅಲ್ಲಿ ಯಾರೂ ಸುಮ್ಮನಿಲ್ಲ ಅಂತ. ಮೊದಲ ಸೆಕೆಂಡಿನಿಂದ ಎಲ್ಲ ಹಾಜರ್. ಬೀಟ್ ಇದೆ, ಕೆಳಗೆ ಗುಂಯ್ ಅನ್ನುವ ಬೇಸ್ ಇದೆ, ಮೇಲೊಂದು ಸಿಂಥ್, ನಡುವೆ ಗಾಯಕನ ದನಿಯನ್ನು ಎಳೆದು ಜಗ್ಗಿ ಸರಿಮಾಡಿದ ಒಂದು ಸಾಲು. ಮೂರು ನಿಮಿಷ ಆದ ಮೇಲೂ ಅಷ್ಟೇ ಸದ್ದು. ಕೆಟ್ಟ ಹಾಡು ಅಂತ ಹೇಳುತ್ತಿಲ್ಲ. ಕೆಲವು ರಾಗಗಳು ಎಷ್ಟು ಚೆನ್ನಾಗಿರುತ್ತವೆ ಅಂದರೆ ನಾನೂ ಪಾತ್ರೆ ತೊಳೆಯುತ್ತಾ ಗುನುಗುತ್ತೇನೆ. ಆದರೆ ಸಂಗೀತ ಕೇಳಬೇಕು ಅಂತಲೇ ಕೂತರೆ ಕೈ ಹೋಗುವುದು ಆರ್ಕೆಸ್ಟ್ರಾ ಕಡೆಗೆ. ಅದು ಬಿಟ್ಟರೆ ಒಂದು ನಿಧಾನದ ಹಿಂದುಸ್ತಾನಿ ಖಯಾಲ್ ಅಥವಾ ವೀಣೆ.

ಮನೆಯಲ್ಲಿ ಇದಕ್ಕೆ ಒಂದಿಷ್ಟು ತಮಾಷೆ ನಡೆದೇ ಇರುತ್ತದೆ. ಮೊಜಾರ್ಟ್‌ನ 25ನೇ ಸಿಂಫನಿ ಹಾಕಿದರೆ ಒಳಗಿನಿಂದ "ಏನ್ರೀ, ಟೈಟಾನ್ ವಾಚ್ ಜಾಹೀರಾತು ಇನ್ನೂ ಮುಗಿದಿಲ್ವಾ?" ಅನ್ನುವ ಪ್ರಶ್ನೆ ಬರುತ್ತದೆ. ಪ್ರಶ್ನೆ ಸರಿಯಾಗಿಯೇ ಇದೆ. ಆ ಟ್ಯೂನು ಅಲ್ಲಿಂದಲೇ ಬಂದಿದ್ದು. 1773ರಲ್ಲಿ ಸಾಲ್ಜ್‌ಬರ್ಗ್‌ನ 17ರ ಹುಡುಗ ಬರೆದ ಸಿಂಫನಿಯ ಒಂದು ತುಣುಕನ್ನು ಹೊಸೂರಿನಲ್ಲಿ ತಯಾರಾಗುವ ವಾಚಿಗೆ ಜೋಡಿಸಿದರು. ದೂರದರ್ಶನ ನೋಡಿ ಬೆಳೆದ ನಮ್ಮ ತಲೆಮಾರಿನವರಿಗೆಲ್ಲ ಅದು ಬಾಯಿಪಾಠ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ನಮಗೆ ಸಂಬಂಧ ಇಲ್ಲದ್ದು ಅನ್ನುವವರಿಗೆ ನಾನು ಕೊಡುವ ಮೊದಲ ಉತ್ತರ ಇದು. ನಿಮಗೆ ಆಗಲೇ ಬರುತ್ತೆ ಸ್ವಾಮಿ, ಹೆಸರು ಗೊತ್ತಿಲ್ಲ ಅಷ್ಟೇ. ಮೂಲ ಕೇಳಿದಾಗ ಒಂದು ವ್ಯತ್ಯಾಸ ಕಾಣುತ್ತದೆ. ಜಾಹೀರಾತಿನಲ್ಲಿ ಅದು ಶ್ರೀಮಂತ ಮನೆಯ ನಗುಮುಖದ ಸಂಗೀತ. ಮೊಜಾರ್ಟ್‌ನಲ್ಲಿ ಅದೇ ಸ್ವರಗಳು ಏದುಸಿರು ಬಿಡುತ್ತಾ ನುಗ್ಗಿ ಬರುತ್ತವೆ, ಯಾರೋ ಜಗಳ ಆಡಿಕೊಂಡು ಮನೆಯಿಂದ ಹೊರಟ ಹಾಗೆ.

ಸದ್ದಿನ ವಿಷಯಕ್ಕೆ ಬರುತ್ತೇನೆ. ನನ್ನ ಇಡೀ ತಕರಾರು ಇರುವುದೇ ಅಲ್ಲಿ.

ಪಾಶ್ಚಾತ್ಯ ಸ್ವರಲಿಪಿಯಲ್ಲಿ ಮೆಲ್ಲಗೆ ನುಡಿಸಿ ಅನ್ನುವುದಕ್ಕೆ 'ಪಿ' ಅಂತ ಬರೆಯುತ್ತಾರೆ. ಇನ್ನೂ ಮೆಲ್ಲಗೆ ಅಂದರೆ ಎರಡು ಪಿ. ತೀರಾ ಮೆಲ್ಲಗೆ ಅಂದರೆ ಮೂರು. ಚೈಕೋವ್‌ಸ್ಕಿ ತನ್ನ 6ನೇ ಸಿಂಫನಿಯ ಮೊದಲ ಭಾಗದಲ್ಲಿ ಒಂದು ಜಾಗಕ್ಕೆ ಆರು ಪಿ ಹಾಕಿದ್ದಾನೆ. ಕ್ಲಾರಿನೆಟ್ ಒಂದು ಸಂಕಟದ ರಾಗವನ್ನು ನುಡಿಸುತ್ತಾ ಕೆಳಗೆ ಕೆಳಗೆ ಇಳಿಯುತ್ತದೆ, ಅದರ ಕೊನೆಯ ನಾಲ್ಕು ಸ್ವರಗಳನ್ನು ಬಸೂನ್ ಅನ್ನುವ ಇನ್ನೊಂದು ಊದುವ ವಾದ್ಯ ತೆಗೆದುಕೊಳ್ಳಬೇಕು, ಅಲ್ಲಿ ಈ ಆರು ಪಿ. ಬಸೂನ್ ಅಷ್ಟು ತಗ್ಗಿದ ದನಿಯಲ್ಲಿ ನುಡಿಯುವುದು ಕಷ್ಟ ಅಂತ ಎಷ್ಟೋ ಕಂಡಕ್ಟರುಗಳು, ಅಂದರೆ ಎದುರು ನಿಂತು ಆರ್ಕೆಸ್ಟ್ರಾ ನಡೆಸುವವರು, ಆ ನಾಲ್ಕು ಸ್ವರಗಳನ್ನು ಬೇಸ್ ಕ್ಲಾರಿನೆಟ್‌ಗೆ ಕೊಟ್ಟುಬಿಡುತ್ತಾರೆ. ನೀವು ಕಿವಿಯನ್ನು ಮುಂದಕ್ಕೆ ಚಾಚಿ, ಇನ್ನೂ ನುಡಿಯುತ್ತಿದೆಯಾ, ನಿಂತೇಹೋಯಿತಾ ಅಂತ ಹುಡುಕುತ್ತಿರುತ್ತೀರಿ. ಮುಂದಿನ ಕ್ಷಣ ಇಡೀ ಆರ್ಕೆಸ್ಟ್ರಾ ಒಟ್ಟಿಗೆ ಅಪ್ಪಳಿಸುತ್ತದೆ. ಗೊತ್ತಿದ್ದೂ ಪ್ರತಿ ಸಲ ನಾನು ಬೆಚ್ಚಿಬೀಳುತ್ತೇನೆ. ಆ ಹೊಡೆತಕ್ಕೆ ಬಲ ಬರುವುದು ಅದರ ಹಿಂದಿನ ನಾಲ್ಕು ಸ್ವರಗಳಿಂದ. ಅವು ಅಷ್ಟು ಮೆಲ್ಲಗೆ ಇರದಿದ್ದರೆ ಇದು ಬರೀ ಗದ್ದಲ.

ಹೈಡನ್ ಇದನ್ನೇ ಕೀಟಲೆಗೆ ಬಳಸಿಕೊಂಡ. 94ನೇ ಸಿಂಫನಿ, 1792ರಲ್ಲಿ ಲಂಡನ್ನಿನಲ್ಲಿ ಮೊದಲು ನುಡಿದದ್ದು. ಎರಡನೇ ಭಾಗದಲ್ಲಿ ಮಕ್ಕಳ ಪದ್ಯದಂಥ ಒಂದು ರಾಗ ಮೆಲ್ಲಗೆ ಬರುತ್ತದೆ. ಅದನ್ನೇ ಇನ್ನಷ್ಟು ಮೆಲ್ಲಗೆ ಇನ್ನೊಂದು ಸಲ ನುಡಿಸುತ್ತಾರೆ. ಆಮೇಲೆ ಡಂ! ನಗಾರಿ ಸಮೇತ.

ಈಗಿನ ಹಾಡುಗಳಲ್ಲಿ ಈ ಕೀಟಲೆಗೆ ಅವಕಾಶವೇ ಇಲ್ಲ. ಕಾರಣ ಹಾಡು ಬರೆದವರ ದಡ್ಡತನ ಅಲ್ಲ, ಹಾಡು ತಯಾರಾಗುವ ಕ್ರಮ. ಕೊನೆಯ ಹಂತದಲ್ಲಿ ಕಂಪ್ರೆಸರ್, ಲಿಮಿಟರ್ ಅನ್ನುವ ಸಾಧನಗಳ ಮೂಲಕ ಹಾಡನ್ನು ಹಾಯಿಸುತ್ತಾರೆ. ಏರಿದ ಸದ್ದನ್ನು ಅದುಮಿ, ತಗ್ಗಿದ್ದನ್ನು ಮೇಲೆತ್ತಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುವುದು ಇವುಗಳ ಕೆಲಸ. 1990ರ ದಶಕದಲ್ಲಿ ಸಿಡಿಗಳ ಕಾಲದಲ್ಲಿ ಇದು ಪೈಪೋಟಿಯೇ ಆಗಿಹೋಯಿತು. ಪಕ್ಕದ ಹಾಡಿಗಿಂತ ನಮ್ಮ ಹಾಡು ಜೋರಾಗಿ ಕೇಳಿಸಬೇಕು, ಅಷ್ಟೇ. ಈಗ ಸ್ಪಾಟಿಫೈಯಂಥ ಆ್ಯಪ್‌ಗಳು ತಾವೇ ಎಲ್ಲ ಹಾಡುಗಳ ಸದ್ದನ್ನು ಹೆಚ್ಚುಕಮ್ಮಿ ಒಂದೇ ಅಳತೆಗೆ ತಂದು ಕೊಡುತ್ತವೆ. ಹಾಗಾಗಿ ಆ ಪೈಪೋಟಿಯಿಂದ ದೊಡ್ಡ ಲಾಭ ಏನೂ ಇಲ್ಲ. ಆದರೂ ಚಾಳಿ ಬಿಟ್ಟಿಲ್ಲ. ಅದೇ ಆ್ಯಪ್‌ನಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಒಂದು ಕೇಳುವಿಕೆ ಅಂತ ಲೆಕ್ಕ. ಹಾಗಿದ್ದ ಮೇಲೆ ಯಾರು ತಾನೇ ಮೊದಲ ಅರ್ಧ ನಿಮಿಷ ಮೆಲ್ಲಗೆ ನುಡಿಸಿಯಾರು? ಮಾಹ್ಲರ್‌ನ 1ನೇ ಸಿಂಫನಿ ಶುರುವಾಗುವುದೇ ಒಂದು ಸ್ವರವನ್ನು ತಂತಿವಾದ್ಯಗಳೆಲ್ಲ ಬೇರೆ ಬೇರೆ ಸ್ಥಾಯಿಗಳಲ್ಲಿ ಹಿಡಿದು, ಬಿಡದೆ, ಉಸಿರಿನಷ್ಟು ಸಣ್ಣಗೆ ನುಡಿಸುವುದರಿಂದ. 30 ಸೆಕೆಂಡಿನಲ್ಲಿ ಅಲ್ಲಿ ಆಗುವುದು ಇನ್ನೂ ಬೆಳಗಿನ ಮಬ್ಬು ಮಾತ್ರ. ತುತ್ತೂರಿಗಳು ಬರುತ್ತವೆ, ಅವೂ ವೇದಿಕೆಯ ಹೊರಗಿನಿಂದ, ದೂರದಿಂದ.

ಒಂದು ಕಷ್ಟ ಇದೆ, ಒಪ್ಪಿಕೊಳ್ಳಬೇಕು. ಬೆಂಗಳೂರಿನಲ್ಲಿ ಇದನ್ನು ಕೇಳಲು ಜಾಗ ಹುಡುಕಬೇಕು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಆಟೋದಲ್ಲಿ ಕೂತು ಮಾಹ್ಲರ್ ಹಾಕಿದರೆ ಮೊದಲ ಎರಡು ನಿಮಿಷ ಏನೂ ಕೇಳಿಸುವುದಿಲ್ಲ. ಆ್ಯಪ್ ಕೆಟ್ಟಿದೆ ಅಂದುಕೊಂಡು ವಾಲ್ಯೂಮ್ ಏರಿಸುತ್ತೀರಿ. ಆಮೇಲೆ ಇದ್ದಕ್ಕಿದ್ದಂತೆ ಹಿತ್ತಾಳೆ ವಾದ್ಯಗಳು ಬಂದು ಕಿವಿ ಹರಿದುಹೋಗುತ್ತದೆ. ಈಗಿನ ಹಾಡುಗಳು ಈ ಗಲಾಟೆಯ ಮಧ್ಯೆ ಕೇಳಿಸುವ ಹಾಗೆಯೇ ತಯಾರಾಗಿವೆ, ಅದಕ್ಕೇ ಅವು ಅಲ್ಲಿ ಸೊಗಸಾಗಿ ಕೇಳಿಸುತ್ತವೆ. ಒಂದು ಊರಿನ ಸದ್ದು ಆ ಊರಿನ ಹಾಡನ್ನು ತನ್ನ ಮಟ್ಟಕ್ಕೆ ಎಳೆದುಕೊಳ್ಳುತ್ತದೆ ಅಂತ ನನ್ನ ಅನುಮಾನ. ನಾನು ಕೇಳುವುದು ರಾತ್ರಿ, ಎಲ್ಲರ ಊಟ ಆಗಿ, ಮೇಲಿನ ಮನೆಯವರು ಕುರ್ಚಿ ಎಳೆಯುವುದು ನಿಲ್ಲಿಸಿದ ಮೇಲೆ.

ಕರ್ನಾಟಕ ಸಂಗೀತ ಕೇಳಿ ಬೆಳೆದ ಕಿವಿಗೆ ಆರ್ಕೆಸ್ಟ್ರಾ ಒಗ್ಗುವುದಕ್ಕೆ ಸಮಯ ಬೇಕು. ನನಗಂತೂ ಬೇಕಾಯಿತು. ನಮ್ಮಲ್ಲಿ ಒಂದೇ ಗೆರೆ. ಗಾಯಕ ಎಲ್ಲಿ ಹೋದರೆ ಪಿಟೀಲು ಅಲ್ಲಿ ಹಿಂಬಾಲಿಸುತ್ತದೆ, ಹಿಂದೆ ತಂಬೂರಿ ಒಂದೇ ಶ್ರುತಿ ಹಿಡಿದು ಕೂತಿರುತ್ತದೆ. ಎಲ್ಲಿಗೆ ಅಲೆದರೂ ವಾಪಸ್ ಬರಲು ಷಡ್ಜ ಇದ್ದೇ ಇದೆ. ಆರ್ಕೆಸ್ಟ್ರಾದಲ್ಲಿ ಮೊದಲು ಹುಟ್ಟುವ ಪ್ರಶ್ನೆಯೇ, ಯಾರನ್ನು ಹಿಂಬಾಲಿಸಲಿ? ಪಿಟೀಲುಗಳು ಒಂದು ನುಡಿಸುತ್ತಿವೆ, ಕೊಂಬುಗಳು ಇನ್ನೊಂದು, ಕೆಳಗೆ ಡಬಲ್ ಬೇಸ್ ಮತ್ತೊಂದು. ಸ್ವಲ್ಪ ಹೊತ್ತಿಗೆ ಶ್ರುತಿಯೇ ಬೇರೆ ಕಡೆ ಹೋಗಿರುತ್ತದೆ. ಅದರ ಮೇಲೆ, ಸ್ವರವನ್ನು ಅಲುಗಿಸುವ ಗಮಕ ಎಲ್ಲಿ? ಸ್ವರಗಳು ಕಡ್ಡಿಯಂತೆ ನೆಟ್ಟಗೆ ನಿಂತಿವೆ. ಪಿಟೀಲು ಅದೇ ಪಿಟೀಲು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರ ಕಾಲದಲ್ಲಿ ನಮ್ಮ ಕಡೆ ಬಂದು, ನೆಲಕ್ಕಿಳಿದು, ಪಾದದ ಮೇಲೆ ತಲೆಯಿಟ್ಟು, ಸ-ಪ-ಸ-ಪ ಶ್ರುತಿ ಕಲಿತ ವಾದ್ಯ. ಅಲ್ಲಿ ಅದು ಗದ್ದದ ಕೆಳಗೇ ಉಳಿದು ಬೇರೆಯೇ ಭಾಷೆ ಆಡುತ್ತದೆ.

ಈ ಗೊಂದಲ ಬಿಡಿಸಿಕೊಳ್ಳಲು ನನಗೆ ನೆರವಾಗಿದ್ದು ಬೇಥೋವನ್‌ನ 7ನೇ ಸಿಂಫನಿಯ ಎರಡನೇ ಭಾಗ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಗಾಳಿವಾದ್ಯಗಳಿಂದ ಒಂದು ಉದ್ದನೆಯ ಸದ್ದು, ಬಂದು ಮಾಸುತ್ತದೆ. ಆಮೇಲೆ ವಿಯೋಲ, ಚೆಲ್ಲೋ, ಬೇಸ್‌ಗಳು, ಅಂದರೆ ತಗ್ಗು ದನಿಯ ತಂತಿವಾದ್ಯಗಳು ಮಾತ್ರ, ಮೆಲ್ಲಗೆ ಶುರು ಮಾಡುತ್ತವೆ. ಲಯ ಒಂದೇ. ಒಂದು ಉದ್ದ, ಎರಡು ಗಿಡ್ಡ, ಎರಡು ಉದ್ದ. ರಾಗ ಅಂತ ಹೇಳಿಕೊಳ್ಳುವಂಥದ್ದೇನೂ ಇಲ್ಲ, ಒಂದೇ ಸ್ವರದ ಮೇಲೆ ಹೆಜ್ಜೆ ಹಾಕುತ್ತಾ ಅಲ್ಲೇ ಅಕ್ಕಪಕ್ಕ ಸರಿಯುತ್ತದೆ. ಒಂದು ಸುತ್ತು ಮುಗಿಯಿತು. ಎರಡನೇ ಸುತ್ತಿಗೆ ಎರಡನೇ ಪಿಟೀಲುಗಳು ಅದೇ ಹೆಜ್ಜೆಯನ್ನು ತೆಗೆದುಕೊಳ್ಳುತ್ತವೆ. ಆಗ ವಿಯೋಲ, ಚೆಲ್ಲೋಗಳಿಗೆ ಕೈ ಖಾಲಿ ಆಯಿತಲ್ಲ, ಅವು ಹೊಸದೊಂದು ರಾಗ ಎಳೆಯುತ್ತವೆ. ಎಂಥ ರಾಗ ಅಂತೀರಿ! ಮೂರನೇ ಸುತ್ತಿಗೆ ಹೆಜ್ಜೆ ಮೊದಲ ಪಿಟೀಲುಗಳಿಗೆ ಹೋಗುತ್ತದೆ, ಆ ರಾಗ ಎರಡನೇ ಪಿಟೀಲುಗಳಿಗೆ. ಕೊನೆಗೆ ಎಲ್ಲರೂ ಸೇರಿ ಪೂರ್ತಿ ಗಂಟಲಿನಲ್ಲಿ. ಹೀಗೆ ಒಬ್ಬೊಬ್ಬರನ್ನೇ ಒಳಗೆ ಬಿಟ್ಟುಕೊಂಡಿದ್ದರಿಂದ ಯಾರು ಎಲ್ಲಿದ್ದಾರೆ ಅಂತ ನನಗೆ ಗೊತ್ತಾಗತೊಡಗಿತು. ಮೇಲಿನ ಗೆರೆ ಬಿಟ್ಟು ನಡುವಿನದನ್ನು ಹಿಡಿಯುವುದು, ಅದನ್ನೂ ಬಿಟ್ಟು ಕೆಳಗಿನದಕ್ಕೆ ಇಳಿಯುವುದು, ಇದೊಂದು ಚಟ. ಒಂದೇ ಧ್ವನಿಮುದ್ರಿಕೆಯನ್ನು ಇವತ್ತು ಚೆಲ್ಲೋಗಳ ಪಕ್ಕ ಕೂತು ಕೇಳಬಹುದು, ನಾಳೆ ಓಬೋ ಅನ್ನುವ ಗಾಳಿವಾದ್ಯದ ಪಕ್ಕ.

1813ರ ಡಿಸೆಂಬರಿನಲ್ಲಿ ವಿಯೆನ್ನಾದಲ್ಲಿ ಇದನ್ನು ಮೊದಲು ನುಡಿಸಿದಾಗ ಜನ ಈ ಭಾಗವನ್ನು ಅಲ್ಲೇ ಇನ್ನೊಂದು ಸಲ ನುಡಿಸಿ ಅಂದರು, ನುಡಿಸಿದರು. ನಾಟಕದಲ್ಲಿ ನಮ್ಮವರು 'ಒನ್ಸ್ ಮೋರ್' ಅಂತಿದ್ದರಲ್ಲ, ಅದೇ. ಸಿಂಫನಿಯ ಭಾಗಗಳ ನಡುವೆ ಚಪ್ಪಾಳೆ ತಟ್ಟಬಾರದು, ಕೆಮ್ಮಬಾರದು, ಗೊತ್ತಿಲ್ಲದೆ ತಟ್ಟಿದವರನ್ನು ಪಕ್ಕದವರು ತಿರುಗಿ ನೋಡಬೇಕು ಅನ್ನುವ ಮಡಿ ಎಲ್ಲ ಆಮೇಲೆ ಬಂದದ್ದು. ಈ ಮಡಿ ನನಗೆ ಆಗುವುದಿಲ್ಲ. ಕಚೇರಿಯಲ್ಲಿ ಮನಸ್ಸಿಗೆ ಬಂದಾಗ 'ಭಲೇ' ಅನ್ನುವ ನಮ್ಮ ಪದ್ಧತಿಯೇ ವಾಸಿ.

ಕಚೇರಿ ಅಂದಾಗ ಹೇಳಲೇಬೇಕು. ನಾನು ಸಿನಿಮಾ ಹಾಡನ್ನು ಬೈದು ನಮ್ಮ ಶಾಸ್ತ್ರೀಯವನ್ನು ಹೊಗಳುವ ಪೈಕಿ ಅಲ್ಲ. ಸದ್ದಿನ ವಿಷಯದಲ್ಲಿ ನಮ್ಮ ಕಚೇರಿಗಳೂ ಸಿನಿಮಾ ಹಾಡಿನ ದಾರಿಯನ್ನೇ ಹಿಡಿದಿವೆ. ಸಣ್ಣ ಸಭಾಂಗಣ, ಮುನ್ನೂರು ಜನ, ಆದರೂ ಎರಡೂ ಕಡೆ ಆಳೆತ್ತರದ ಸ್ಪೀಕರ್. ಪಲ್ಲವಿ ಶುರುವಾಗುವ ಮೊದಲೇ ಮೃದಂಗದವರು "ಮಾನಿಟರ್ ಸ್ವಲ್ಪ ಜಾಸ್ತಿ ಮಾಡಿ" ಅಂತ ಕೈ ಎತ್ತುತ್ತಾರೆ. ಅವರದ್ದು ಜಾಸ್ತಿ ಆಯಿತು ಅಂತ ಪಿಟೀಲಿನವರು ಕೈ ಎತ್ತುತ್ತಾರೆ. ಗಾಯಕರು ಸುಮ್ಮನಿರುತ್ತಾರಾ? ತನಿ ಆವರ್ತನದ, ಅಂದರೆ ತಾಳವಾದ್ಯದವರು ಮಾತ್ರ ನುಡಿಸುವ ಹೊತ್ತಿಗೆ ನನ್ನ ಪಕ್ಕದ ಅಜ್ಜಂದಿರು ಶ್ರವಣ ಸಾಧನ ತೆಗೆದು ಜೇಬಿಗೆ ಹಾಕಿಕೊಂಡಿರುತ್ತಾರೆ. ಚಾಮರಾಜಪೇಟೆ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಚಪ್ಪರಕ್ಕೆ ಮೈಕ್ ಬೇಕು ಅಂದರೆ ಅರ್ಥ ಇದೆ. ಅಲ್ಲಿ ಸಾವಿರಾರು ಜನ, ಹೊರಗೆ ರಸ್ತೆಯ ಹಾರ್ನ್. ಗೋಡೆ, ಬಾಗಿಲು ಎಲ್ಲ ಇರುವ ಕಡೆ ಯಾಕೆ?

ವೀಣೆಯದಂತೂ ಸಂಕಟ. ಅದು ಸ್ವಭಾವದಿಂದಲೇ ಸಣ್ಣ ದನಿಯ ವಾದ್ಯ. ಮೈಸೂರು ದೊರೆಸ್ವಾಮಿ ಅಯ್ಯಂಗಾರ್ಯರ ಹಳೆಯ ರೇಡಿಯೋ ಮುದ್ರಣಗಳಲ್ಲಿ ಮೀಟು ಬಿದ್ದ ಮೇಲೆ ಸ್ವರ ಕರಗುವುದು ಕೇಳಿಸುತ್ತದೆ, ಕರಗುತ್ತಿರುವ ಸ್ವರವನ್ನು ಎಡಗೈ ಎಳೆದು ಇನ್ನೊಂದು ಸ್ವರಕ್ಕೆ ಮುಟ್ಟಿಸುವುದು ಕೇಳಿಸುತ್ತದೆ. ಅದೇ ವಾದ್ಯಕ್ಕೆ ಪಿಕಪ್ ಅನ್ನುವ ಪುಟ್ಟ ಮೈಕ್ ಅಂಟಿಸಿ ದೊಡ್ಡ ಸ್ಪೀಕರಿನಲ್ಲಿ ಹಾಯಿಸಿದರೆ ಕರಗುವುದೇ ಇಲ್ಲ. ಗಿಟಾರ್ ಆಗುತ್ತದೆ.

ಮೈಕ್ ಇಲ್ಲದ ಕಾಲದಲ್ಲಿ ಕೊನೆಯ ಸಾಲಿಗೆ ಸದ್ದು ಮುಟ್ಟಿಸುವುದು ಹೇಗೆ ಅನ್ನುವುದೇ ದೊಡ್ಡ ತಲೆನೋವಾಗಿತ್ತು. ಟಿ. ಚೌಡಯ್ಯನವರು ಅದಕ್ಕೆ ತಮ್ಮದೇ ದಾರಿ ಹುಡುಕಿದರು. ತಿರುಮಕೂಡಲು ನರಸೀಪುರದ ಕಡೆಯವರು, ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿ ಮಾಡಿಕೊಂಡರು, ದನಿ ತುಂಬಿಕೊಂಡು ಹಿಂದಿನವರೆಗೂ ಹೋಯಿತು. ಅವರ ನೆನಪಿಗೆ ಬೆಂಗಳೂರಿನಲ್ಲಿ ಕಟ್ಟಿದ ಸಭಾಂಗಣ ಪಿಟೀಲಿನ ಆಕಾರದಲ್ಲೇ ಇದೆ, ನೋಡಿರುತ್ತೀರಿ. ಯುರೋಪಿನವರು ಅದೇ ತಲೆನೋವಿಗೆ ತಂತಿ ಬಿಟ್ಟು ಜನ ಸೇರಿಸಿದರು. ದೊಡ್ಡ ಆರ್ಕೆಸ್ಟ್ರಾದಲ್ಲಿ ಮೊದಲ ಪಿಟೀಲಿಗೇ ಹದಿನಾರು ಜನ, ಒಟ್ಟು ನೂರರ ಹತ್ತಿರ.

ಇಲ್ಲೊಂದು ಮಜಾ ಇದೆ. ಹತ್ತು ಪಿಟೀಲು ಸೇರಿದರೆ ಕಿವಿಗೆ ಹತ್ತರಷ್ಟು ಜೋರಾಗಿ ಕೇಳಿಸುವುದಿಲ್ಲ. ಸುಮಾರು ಎರಡರಷ್ಟು ಅನ್ನಿಸುತ್ತದೆ ಅಷ್ಟೇ, ನಮ್ಮ ಕಿವಿ ಇರುವುದೇ ಹಾಗೆ. ಸದ್ದಿಗೋಸ್ಕರ ಮಾತ್ರ ಅಂದರೆ ಇದು ನಷ್ಟದ ವ್ಯಾಪಾರ. ಆದರೆ ಹದಿನಾರು ಜನ ಒಂದೇ ಸ್ವರ ನುಡಿಸುವಾಗ ಯಾರೂ ಯಾರ ಹಾಗೂ ಪೂರ್ತಿ ನುಡಿಸುವುದಿಲ್ಲ. ಒಬ್ಬರ ಸ್ವರ ಕೂದಲೆಳೆ ಮೇಲಿರುತ್ತದೆ, ಇನ್ನೊಬ್ಬರದು ಕೂದಲೆಳೆ ಕೆಳಗೆ. ಕಮಾನು ತಾಗುವ ಗಳಿಗೆಯೂ ಅಷ್ಟೇ. ಆ ಸಣ್ಣ ಸಣ್ಣ ಹೆಚ್ಚುಕಮ್ಮಿ ಎಲ್ಲ ಸೇರಿ ಸ್ವರಕ್ಕೆ ಒಂದು ಮೆತ್ತನೆಯ ಅಂಚು ಬರುತ್ತದೆ. ಇದು ಚೆನ್ನಾಗಿ ಗೊತ್ತಾಗುವುದು ಅವರೆಲ್ಲ ಮೆಲ್ಲಗೆ ನುಡಿಸುವಾಗ. ಒಬ್ಬರು ಮೆಲ್ಲಗೆ ನುಡಿಸಿದರೆ ಅದು ಸಣ್ಣ ದನಿ. ನೂರು ಜನ ಮೆಲ್ಲಗೆ ನುಡಿಸಿದರೆ ಅದು ದೊಡ್ಡದಾಗಿಯೇ ಇರುತ್ತದೆ, ಸದ್ದು ಮಾತ್ರ ಇರುವುದಿಲ್ಲ. ವಾಲ್ಯೂಮ್ ಗುಂಡಿಯಿಂದ ಇದನ್ನು ಮಾಡಲು ಆಗುವುದಿಲ್ಲ.

ಮೈಸೂರಿನವರಿಗೆ ಈ ಹುಚ್ಚು ಹೊಸದೇನಲ್ಲ. ಅರಮನೆಯಲ್ಲಿ ಕರ್ನಾಟಕ ವಾದ್ಯವೃಂದದ ಜೊತೆಗೆ ಇಂಗ್ಲಿಷ್ ಬ್ಯಾಂಡೂ ಇತ್ತು. ಜಯಚಾಮರಾಜ ಒಡೆಯರ್ ಅವರಂತೂ ಪಿಯಾನೋ ಕಲಿತವರು, ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯ ಪದವಿ ಪಡೆದವರು, ಕಚೇರಿ ಕೊಡುವ ಪಿಯಾನೋ ವಾದಕ ಆಗಬೇಕು ಅಂತ ಆಸೆ ಇಟ್ಟುಕೊಂಡಿದ್ದವರು. ಸಿಂಹಾಸನ ಬಂತು, ಅದು ಆಗಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಹೊತ್ತಿನಲ್ಲಿ ಲಂಡನ್ನಿನಲ್ಲಿ ವಾಲ್ಟರ್ ಲೆಗ್ ಅನ್ನುವವರು ಫಿಲ್‌ಹಾರ್ಮೊನಿಯಾ ಅನ್ನುವ ಹೊಸ ಆರ್ಕೆಸ್ಟ್ರಾ ಕಟ್ಟಿದ್ದರು. ದುಡ್ಡಿಗೆ ಪರದಾಟ. ಅದಕ್ಕೆ ನೆರವಾದವರಲ್ಲಿ ಮೈಸೂರು ಮಹಾರಾಜರು ದೊಡ್ಡವರು. ಫಿಲ್‌ಹಾರ್ಮೊನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಟ್ನರ್ ತನ್ನ ಕೃತಿಗಳನ್ನು ತಾನೇ ನುಡಿಸಿ ಧ್ವನಿಮುದ್ರಿಸಲು ಸಾಧ್ಯವಾಗಿದ್ದು ಇವರ ದುಡ್ಡಿನಿಂದ. ಮೆಟ್ನರ್ ತನ್ನ 3ನೇ ಪಿಯಾನೋ ಕಂಚೆರ್ಟೋವನ್ನು, ಅಂದರೆ ಪಿಯಾನೋ ಮತ್ತು ಆರ್ಕೆಸ್ಟ್ರಾ ಸೇರಿ ನುಡಿಸುವ ಕೃತಿಯನ್ನು, ಇವರಿಗೆ ಅರ್ಪಿಸಿದ.

ನನಗೆ ಹೆಚ್ಚು ಇಷ್ಟ ಇನ್ನೊಂದು ಸಂಗತಿ. ಜರ್ಮನಿಯ ಸಂಗೀತಗಾರ ರಿಚರ್ಡ್ ಸ್ಟ್ರಾಸ್ 1949ರಲ್ಲಿ ತೀರಿಕೊಂಡಾಗ ಆರ್ಕೆಸ್ಟ್ರಾ ಜೊತೆ ಹೆಣ್ಣುದನಿಗೆ ಬರೆದ ನಾಲ್ಕು ಕೊನೆಯ ಹಾಡುಗಳು ಇನ್ನೂ ಯಾರ ಬಾಯಲ್ಲೂ ಬಂದಿರಲಿಲ್ಲ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಹಾಡಿದರು, ಕಂಡಕ್ಟರ್ ಫುರ್ಟ್‌ವೆಂಗ್ಲರ್, ನುಡಿಸಿದ್ದು ಫಿಲ್‌ಹಾರ್ಮೊನಿಯಾ. ಆ ಕಾರ್ಯಕ್ರಮದ ಖರ್ಚಿಗೆ ಭರವಸೆ ಕೊಟ್ಟವರು ನಮ್ಮ ಮಹಾರಾಜರು. ಅವರು ಅಲ್ಲಿಗೆ ಹೋಗಲಾಗಲಿಲ್ಲ. ಅದನ್ನು ಧ್ವನಿಮುದ್ರಿಸಿದ ತಟ್ಟೆಗಳು ಮೈಸೂರಿಗೆ ಬಂದವು. ಕೊನೆಯ ಹಾಡಿನ ಅಂತ್ಯದಲ್ಲಿ ಎರಡು ಕೊಳಲುಗಳು ಬಾನಾಡಿಗಳ ಹಾಗೆ ಚಿಲಿಪಿಲಿ ಅನ್ನುತ್ತವೆ. ಈ ದನಿಯನ್ನು ಜಗತ್ತಿನಲ್ಲಿ ಮೊಟ್ಟಮೊದಲು ಕೇಳಿದವರ ಪಟ್ಟಿಯಲ್ಲಿ ಮೈಸೂರಿನ ಒಂದು ಕೋಣೆಯೂ ಇರಬೇಕಲ್ವಾ? ಇದೇ ಮನುಷ್ಯ ಇನ್ನೊಂದು ಕಡೆ ಶ್ರೀವಿದ್ಯಾ ಅನ್ನುವ ಅಂಕಿತದಲ್ಲಿ 94 ಕರ್ನಾಟಕ ಕೃತಿಗಳನ್ನು ರಚಿಸಿದರು. ಎರಡರಲ್ಲಿ ಒಂದನ್ನು ಆರಿಸಿಕೋ ಅಂತ ಅವರಿಗೆ ಯಾರೂ ಹೇಳಲಿಲ್ಲ ಅನ್ನಿಸುತ್ತೆ. ದುಡ್ಡು, ಅಧಿಕಾರ ಇದ್ದವರ ಶೋಕಿ ಅಂತ ಅನ್ನುವವರು ಅನ್ನಲಿ, ಅದರಲ್ಲೂ ನಿಜ ಇದೆ. ಇವತ್ತು ಅದೇ ಹಾಡುಗಳನ್ನು ಕೇಳಲು ನನಗೆ ಬೇಕಾಗಿರುವುದು ಒಂದು ಮೊಬೈಲ್ ರೀಚಾರ್ಜ್.

ಜನಪ್ರಿಯ ಸಂಗೀತ ಅಂದರೆ ಯಾವಾಗಲೂ ಹೀಗೇ ಇತ್ತು ಅಂದುಕೊಳ್ಳಬೇಡಿ. ಜಿ.ಕೆ. ವೆಂಕಟೇಶ್, ರಾಜನ್-ನಾಗೇಂದ್ರ ಅವರ ಕಾಲದಲ್ಲಿ ಕನ್ನಡ ಹಾಡುಗಳು ಬಹುಪಾಲು ಮದ್ರಾಸಿನ ಸ್ಟುಡಿಯೋಗಳಲ್ಲಿ ಮುದ್ರಣ ಆಗುತ್ತಿದ್ದವು. ಪಿಟೀಲಿನವರು ಸಾಲಾಗಿ ಕೂತು, ಕೊಳಲಿನವರು ಪಕ್ಕಕ್ಕೆ ಕೂತು, ಎಲ್ಲರೂ ಒಟ್ಟಿಗೆ ನುಡಿಸಬೇಕು. ಆ ಹಾಡುಗಳ ಪಲ್ಲವಿಗೂ ಚರಣಕ್ಕೂ ನಡುವೆ ಬರುವ ಪಿಟೀಲಿನ ತುಣುಕನ್ನು ಮಾತ್ರ ಗಮನ ಇಟ್ಟು ಕೇಳಿ. ಗಾಯಕರು ದನಿ ತಗ್ಗಿಸಿದರೆ ಅವೂ ತಗ್ಗುತ್ತವೆ. ವೆಂಕಟೇಶ್ ಅವರ ಬಳಿ ಗಿಟಾರ್ ನುಡಿಸುತ್ತಾ, ಸಹಾಯಕರಾಗಿ ಕನ್ನಡ ಹಾಡುಗಳಿಗೆ ದುಡಿಯುತ್ತಾ ಪಳಗಿದವರು ಇಳಯರಾಜ. ಅವರು 2025ರ ಮಾರ್ಚ್ 8ರಂದು ಲಂಡನ್ನಿನಲ್ಲಿ ರಾಯಲ್ ಫಿಲ್‌ಹಾರ್ಮೊನಿಕ್ ಆರ್ಕೆಸ್ಟ್ರಾದವರಿಂದ ತಮ್ಮದೇ ಸಿಂಫನಿ ನುಡಿಸಿದರು. ಎಂಬತ್ತು ದಾಟಿದ ಮೇಲೆ! ಸಿನಿಮಾದವರು ಸಿಂಫನಿ ಬರೆಯುವುದೇ ಅಂತ ಮೂಗು ಮುರಿದವರೂ ಇದ್ದರು. ನನಗೆ ಅದರಲ್ಲಿ ಆಶ್ಚರ್ಯ ಕಾಣಲಿಲ್ಲ. ಪಿಟೀಲಿನವರ ಸಾಲಿಗೆ ಏನು ಬರೆಯಬೇಕು ಅಂತ ಜೀವನಪೂರ್ತಿ ಬರೆದೇ ಕಲಿತವರು.

ಈಗ ಒಬ್ಬರು ಒಂದು ಕೋಣೆಯಲ್ಲಿ ಕೂತು ಕೀಬೋರ್ಡಿನಿಂದ ಪಿಟೀಲು, ಕೊಳಲು, ನಗಾರಿ ಎಲ್ಲ ಹೊರಡಿಸಬಹುದು. ಅಗ್ಗ, ಬೇಗ. ನಿರ್ಮಾಪಕರ ಕಷ್ಟ ನನಗೆ ಅರ್ಥ ಆಗುತ್ತದೆ. ದೊಡ್ಡ ಬಜೆಟ್ಟಿನವರು ಬುಡಾಪೆಸ್ಟ್‌ಗೆ ಹೋಗಿ ನಿಜವಾದ ಆರ್ಕೆಸ್ಟ್ರಾದಲ್ಲೇ ನುಡಿಸಿಕೊಂಡು ಬರುತ್ತಾರೆ. ಬಂದ ಮೇಲೆ ಅದರ ಮೇಲೆ ಡ್ರಮ್ಸ್, ಅದರ ಮೇಲೆ ಹೀರೋ ಹೊಡೆದಾಟದ ಸದ್ದು, ಅದರ ಮೇಲೆ ಡೈಲಾಗು. ಅಷ್ಟು ದೂರ ಹೋಗಿ ತಂದದ್ದನ್ನು ಹೀಗೆ ಮುಚ್ಚಿಡುವುದು ಯಾಕೋ!

ಆರ್ಕೆಸ್ಟ್ರಾವನ್ನು ಎದುರಿಗೆ ಕೂತು ಕೇಳುವುದು ನಮಗೆ ಸುಲಭ ಇಲ್ಲ. ದೇಶದಲ್ಲಿ ಪೂರ್ಣಾವಧಿಯ ವೃತ್ತಿಪರ ತಂಡ ಅಂದರೆ ಮುಂಬೈನ ಎನ್‌ಸಿಪಿಎ ಅನ್ನುವ ಪ್ರದರ್ಶನ ಕಲೆಗಳ ಕೇಂದ್ರದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ, 2006ರಲ್ಲಿ ಶುರುವಾದದ್ದು. ಅದರಲ್ಲೂ ಕಜಕಿಸ್ತಾನದಂಥ ಹೊರದೇಶಗಳಿಂದ ಬಂದವರೇ ಜಾಸ್ತಿ. ಅವಕಾಶ ಸಿಕ್ಕರೆ ಒಂದು ಸಲ ಹೋಗಿ. ಶುರುವಾಗುವ ಮೊದಲೇ ಹೋಗಿ ಕೂರಿ. ಎಲ್ಲರೂ ತಮ್ಮ ಪಾಡಿಗೆ ಕೀಚ್ ಕೂಚ್ ಅಂತ ಅಭ್ಯಾಸ ಮಾಡುತ್ತಿರುತ್ತಾರೆ, ದೀಪ ತಗ್ಗುತ್ತದೆ, ಓಬೋ ಒಂದು ಸ್ವರ ಕೊಡುತ್ತದೆ. ಉಳಿದವರೆಲ್ಲ ಅದಕ್ಕೆ ಬಂದು ಸೇರುತ್ತಾರೆ. ತಂಬೂರಿ ಶ್ರುತಿ ಆಗುವುದನ್ನು ಕೇಳಿ ಬೆಳೆದವರಿಗೆ ಮೈ ಜುಮ್ ಅನ್ನುವುದು ಇಲ್ಲೇ, ಕಂಡಕ್ಟರ್ ಇನ್ನೂ ವೇದಿಕೆಗೆ ಬಂದೇ ಇರುವುದಿಲ್ಲ. ಡಬಲ್ ಬೇಸ್‌ಗಳು ನುಡಿದಾಗ ಸದ್ದು ಕಿವಿಗಿಂತ ಮೊದಲು ಕುರ್ಚಿಗೆ ಗೊತ್ತಾಗುತ್ತದೆ. ಬೇಥೋವನ್‌ನ 5ನೆಯದನ್ನು ನುಡಿಸಿದರೆ ಟ್ರೊಂಬೋನ್ ಅನ್ನುವ ಉದ್ದನೆಯ ಹಿತ್ತಾಳೆ ವಾದ್ಯದ ಮೂವರನ್ನು ನೋಡುತ್ತಿರಿ. ಮೂರು ಭಾಗ ಪೂರ್ತಿ ತೊಡೆಯ ಮೇಲೆ ವಾದ್ಯ ಇಟ್ಟುಕೊಂಡು ಕೂತಿರುತ್ತಾರೆ. ಮೂರನೆಯದರ ಕೊನೆಯಲ್ಲಿ ನಗಾರಿ ಒಂದೇ ಸಮನೆ ಮೆಲ್ಲಗೆ ತಟ್ಟುತ್ತಿರುವಾಗ ಅವರು ನಿಧಾನಕ್ಕೆ ವಾದ್ಯ ಎತ್ತಿಕೊಳ್ಳುತ್ತಾರೆ. ಏನೋ ಆಗಲಿದೆ ಅಂತ ಕಿವಿಗಿಂತ ಮೊದಲು ನಿಮ್ಮ ಕಣ್ಣಿಗೆ ತಿಳಿಯುತ್ತದೆ.

ಅಕ್ಕನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ, ಇಡೀ ದಿನ ಕಿವಿಯಲ್ಲಿ ರ‍್ಯಾಪ್. ಮೊನ್ನೆ "ಮಾಮ, ನಿಮ್ಮದ್ರಲ್ಲಿ ಶುರು ಮಾಡೋಕೆ ಯಾವ್ದಾದ್ರೂ ಹೇಳಿ, ಉದ್ದ ಇರಬಾರದು" ಅಂದ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಬೇಥೋವನ್ 7, ಎರಡನೇ ಭಾಗ, ಎಂಟೊಂಬತ್ತು ನಿಮಿಷ. ಹೆಡ್‌ಫೋನ್ ಇರಲಿ, ಮೊಬೈಲಿನ ಸ್ಪೀಕರಿನಲ್ಲಿ ತಗ್ಗು ವಾದ್ಯಗಳು ಕೇಳಿಸುವುದೇ ಇಲ್ಲ. ಅದು ಹಿಡಿಸಿದರೆ ಡ್ವೋರ್ಜಾಕ್ ಪೂರ್ತಿ. ರ‍್ಯಾಪ್ ಕೇಳುವವನಾದ್ದರಿಂದ ಅವನಿಗೆ ರಾವೆಲ್‌ನ ಬೊಲೆರೋವನ್ನೂ ಕಳಿಸಿದೆ. 15 ನಿಮಿಷ ಒಂದೇ ಡ್ರಮ್ ಬೀಟು, ಅದೇ ಎರಡು ರಾಗ ಸುತ್ತಿ ಸುತ್ತಿ, ಸದ್ದು ಮಾತ್ರ ಸೊನ್ನೆಯಿಂದ ಮೇಲಕ್ಕೆ ಏರುತ್ತಾ ಹೋಗುತ್ತದೆ. "ಬೀಟ್ ಪರವಾಗಿಲ್ಲ, ಡ್ರಾಪ್ ಬರೋಕೆ ಇಷ್ಟೊತ್ತಾ?" ಅಂತ ಮೆಸೇಜು ಬಂತು. ಡ್ರಾಪ್ ಅಂದರೆ ಹಾಡಿನಲ್ಲಿ ಬೀಟು ಒಮ್ಮೆಲೇ ಧುಮುಕುವ ಗಳಿಗೆ. ಮಾಹ್ಲರ್ ಹೆಸರನ್ನು ಅವನಿಗೆ ಇನ್ನೂ ಹೇಳಿಲ್ಲ. 3ನೇ ಸಿಂಫನಿ ಒಂದೂವರೆ ಗಂಟೆಗೂ ಜಾಸ್ತಿ, ಊಟ ಮುಗಿಸಿಯೇ ಕೂರಬೇಕು.